ನಾಲಿಗೆ ಇರುವ ಕಂಪ್ಯೂಟರ್

ನಮ್ಮ ಸೋದರಮಾವ ಕಂಪ್ಯೂಟರಿನ ಬಾಲ ಎತ್ತಿ ನೋಡಿದವನು. ತಮಾಷೆಗೆ ಹೇಳುತ್ತಿಲ್ಲ! ಶಿರಾಳಕೊಪ್ಪದ ಅಂಗಡಿಯೊಂದರಲ್ಲಿ, ತುಂಬಿದ ಗಿರಾಕಿಗಳ ಎದುರು, ಡಬ್ಬಿಯ ಹಿಂದೆ ಇಳಿಬಿದ್ದ ಕರಿ ವೈರನ್ನು ಎರಡು ಬೆರಳಿನಲ್ಲಿ ಎತ್ತಿ, ಬಗ್ಗಿ ನೋಡಿ, "ಉಚ್ಚಿಕೊಂಡಿಲ್ಲ, ಜಡ್ಡಿಲ್ಲದ ಮಾಲು" ಎಂದು ಷರಾ ಹಾಕಿದ. ಪಕ್ಕದಲ್ಲಿ ನಿಂತಿದ್ದ ನಾನು, ಸೊರಬದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಶಿಸ್ತು ಕಲಿಸುವ ಮೇಷ್ಟ್ರು, ಇವರು ಯಾರೋ ನನಗೆ ಗೊತ್ತಿಲ್ಲ ಎನ್ನುವವನ ಹಾಗೆ ಗೋಡೆಯ ಕ್ಯಾಲೆಂಡರ್ ಓದಲು ಶುರು ಮಾಡಿದೆ.

ಮಾವ ದನದ ದಲ್ಲಾಳಿ. ಉಳವಿಯ ಎತ್ತನ್ನು ಈಸೂರಿನವರಿಗೆ, ಈಸೂರಿನದನ್ನು ಉಳವಿಯವರಿಗೆ ದಾಟಿಸಿ, ಎರಡೂ ಕಡೆ ಬೈಸಿಕೊಂಡು, ಎರಡೂ ಕಡೆ ಉಂಡು ಬರುವ ಗಟ್ಟಿಗ. ಹಾಗೆ ಉಳವಿಗೆ ಎತ್ತು ತೋರಿಸಲು ಹೋದಾಗಲೇ ಅತ್ತೆಯನ್ನೂ ನೋಡಿಕೊಂಡು ಬಂದದ್ದಂತೆ. ಅವನ ಬಾಯಿಯ ಬಗ್ಗೆ ಏನು ಹೇಳಲಿ? ಸಂತೆಯ ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಯ ಹೋರಿ ಕಿವಿ ನಿಮಿರಿಸುತ್ತಿತ್ತು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಎಲ್ಲವನ್ನೂ ಒಂದು ದವಡೆಗೆ ಒತ್ತಿಕೊಂಡು ಇನ್ನೊಂದು ದವಡೆಯಿಂದ ಅಷ್ಟು ಮಾತಾಡುತ್ತಿದ್ದ!

ಆದರೆ ವ್ಯಾಪಾರ ಕುದುರುವ ಗಳಿಗೆಯಲ್ಲಿ ಮಾತ್ರ ಮಾವನ ಬಾಯಿ ಬಂದ್. ಹೆಗಲ ಮೇಲಿನ ಟವೆಲ್ಲನ್ನು ಕೈ ಮೇಲೆ ಹಾಕಿಕೊಂಡು, ಅದರ ಕೆಳಗೆ ಎದುರಿನವನ ಬೆರಳು ಹಿಡಿಯುತ್ತಿದ್ದ. ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ. ಅಂಗೈ ಪೂರ್ತಿ ಅಮುಕಿದರೆ ಇನ್ನು ಮುಂದೆ ಇಲ್ಲ, ಅದೇ ಕೊನೆ. ಸುತ್ತ ನಿಂತವರಿಗೆ ಕಾಣುವುದು ಎರಡು ಬೆಪ್ಪು ಮುಖ ಮಾತ್ರ. ಕೆಳಗೆ ಎಷ್ಟೇ ಎಳೆದಾಟ ನಡೆದರೂ ಮುಖ ಅಲ್ಲಾಡಬಾರದು, ಅದು ಆ ವಿದ್ಯೆಯ ಕಟ್ಟಳೆ. ನಾನು ಚಿಕ್ಕವನಿದ್ದಾಗ ಸಂತೆಗೆ ಕರೆದೊಯ್ದು ನನಗೂ ಅದನ್ನು ಕಲಿಸಿದ್ದ. ನಾನು ಪ್ರತಿ ಸಲ ನಕ್ಕು ಫೇಲಾಗುತ್ತಿದ್ದೆ.

ಆ ಬಾಯಿಗೇ ಹುಣ್ಣು ಬಂತು. ಮಾಯದ ಹುಣ್ಣು. ಶಿವಮೊಗ್ಗದ ಡಾಕ್ಟರು ನಾಲಿಗೆಯ ಬಹುಪಾಲು ತೆಗೆಯಬೇಕು, ಆಮೇಲೆ ಮಾತು ಕಷ್ಟ ಎಂದರು. ಅತ್ತೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮಾವ ಏನು ಮಾಡಿದ ಗೊತ್ತೇ? ಟವೆಲ್ಲು ತೆಗೆದು ಡಾಕ್ಟರ ಕೈ ಮೇಲೆ ಹಾಕಿದ!

"ಏನ್ರೀ ಇದು?" ಎಂದರು ಡಾಕ್ಟರು.

"ಪೂರ್ತಿ ಬ್ಯಾಡ್ರೀ ಡಾಕ್ಟ್ರೇ. ಅರ್ಧಕ್ಕೆ ಮುಗಿಸ್ರಿ. ನಿಮಗೂ ಲುಕ್ಸಾನಿಲ್ಲ, ನಮಗೂ ಲುಕ್ಸಾನಿಲ್ಲ."

ಡಾಕ್ಟರು ಕೈ ಎಳೆದುಕೊಳ್ಳಲಿಲ್ಲ. ಹಾಗೇ ಇಟ್ಟುಕೊಂಡು, ಆಗದು ಎಂದು ತಲೆ ಆಡಿಸಿದರು. ಅವನ ಜನ್ಮದಲ್ಲಿ ಕುದುರದ ವ್ಯಾಪಾರ ಅದೊಂದೇ ಇರಬೇಕು. ಬಸ್ಸಿನಲ್ಲಿ ಬರುವಾಗ ಶಿಕಾರಿಪುರ ದಾಟಿದ ಮೇಲೆ ನನ್ನ ಕಡೆ ತಿರುಗಿ, "ಲೇ ಅಳಿಯಾ, ಬರೆದಿದ್ದನ್ನ ಓದಿ ಹೇಳೋ ಮಷೀನು ಐತಂತಲ್ಲ?" ಎಂದ.

ಇದೆ, ಅದಕ್ಕೆ ಮೊಬೈಲೇ ಸಾಕು ಎಂದೆ. ಆದರೆ ಮಾವನ ಹೆಬ್ಬೆರಳು ಮೊಬೈಲಿನ ಮೇಲೆ ಬಿದ್ದರೆ ಒಂದೇ ಏಟಿಗೆ ನಾಲ್ಕು ಅಕ್ಷರ ಮೂಡುತ್ತಿದ್ದವು. ಜನ್ಮವಿಡೀ ಹಗ್ಗ ಎಳೆದ ಬೆರಳುಗಳು! "ನೀರು" ಎಂದು ಬರೆಯಲು ಹೋಗಿ ಯಾವುದೋ ದೇಶದ ಭಾಷೆ ಬರೆದ. ದೊಡ್ಡ ಕೀಲಿಮಣೆ, ದೊಡ್ಡ ಪರದೆ, ಜೋರಾಗಿ ಕೇಳುವ ಸ್ಪೀಕರು ಬೇಕೇ ಬೇಕಾಯಿತು. ಹೀಗೆ ಶುರುವಾಯಿತು ನಮ್ಮ ಕಂಪ್ಯೂಟರ್ ಯಾತ್ರೆ.

ನನ್ನ ಸಲಹೆ ಸರಳವಾಗಿತ್ತು. ಮನೆ ಬಳಕೆಗೆ ಭಾರಿ ಮಷೀನು ಬೇಡ. ಆಫೀಸಿನವರು ಬದಲಿಸಿದ ಹಳೆಯದನ್ನು ರಿಪೇರಿ ಮಾಡಿ ಮಾರುತ್ತಾರೆ. ಅದಕ್ಕೆ ಹೊಸ ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ ಸ್ವಲ್ಪ ಏರಿಸಿದರೆ ಸಾಕು. ಮಾವ ಇದನ್ನೆಲ್ಲ ಶ್ರದ್ಧೆಯಿಂದ ಕೇಳಿಸಿಕೊಂಡ. ಅಂಗಡಿಗೆ ಹೋಗಿ ಕೇಳಿದ್ದು ಮಾತ್ರ ಎತ್ತಿನ ವಯಸ್ಸು ಕೇಳುವ ಹಾಗೆ.

"ಇದು ಎಷ್ಟು ಹಲ್ಲಿಂದ್ರೀ?"

ಅಂಗಡಿಯವ ಪಾಪ, ಒಳ್ಳೆಯ ಮನುಷ್ಯ. "ಅಜ್ಜಾರೇ, ಇದಕ್ಕೆ ಹಲ್ಲಿಲ್ಲ" ಎಂದ.

"ಹಲ್ಲು ಉದುರಿದ್ದನ್ನ ನನಗ್ಯಾಕೆ ತೋರಿಸ್ತೀರಿ? ಇರಲಿ, ಯಾರ ಮನೀಂದು? ಯಾಕೆ ಮಾರಿದ್ರು?"

"ಯಾವುದೋ ಆಫೀಸಿಂದ್ರೀ."

"ಆಫೀಸಿಂದಾ? ತಗೋ ಅಳಿಯಾ ತಗೋ! ಮೈ ಬಗ್ಗಿಸಿ ದುಡಿದೇ ಇರಲ್ಲ!"

ಅಂಗಡಿ ಪೂರ್ತಿ ನಕ್ಕಿತು. ನನಗೂ ನಗು ಬಂತು. ಆದರೆ ಈ ಮಾತು ಇನ್ನು ಕೆಲವೇ ದಿನ ಎಂಬುದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಅದಕ್ಕೇ ಆ ದಿನಗಳಲ್ಲಿ ಅವನು ಎರಡು ಪಟ್ಟು ಮಾತಾಡುತ್ತಿದ್ದ.

ಅಂಗಡಿಯವ ಒಂದು ಹೊಸ ಪುಟ್ಟ ಮಷೀನನ್ನೂ ತೋರಿಸಿದ. ನಾಜೂಕಾಗಿತ್ತು, ಬೆಲೆಯೂ ಹೆಚ್ಚೇನಿರಲಿಲ್ಲ. ನನಗೆ ಅದೇ ಸರಿ ಎನ್ನಿಸಿತು. ಅಷ್ಟರಲ್ಲಿ ಮಾವ ಹಳೆಯ ಡಬ್ಬಿಯ ಮುಖದ ಮೇಲಿನ ಗುಂಡಿ ಒತ್ತಿಬಿಟ್ಟ. ಸರ್ರನೆ ಸೀಡಿ ಇಡುವ ತಟ್ಟೆ ಹೊರಗೆ ಬಂತು.

"ಅಬಾಬಾ! ನಾಲಿಗೆ ಚಾಚಿತು ನೋಡಲೇ! ಎಷ್ಟು ಉದ್ದ ಐತಿ!"

"ಅದು ಈಗ ಯಾರೂ ಬಳಸಲ್ರೀ" ಎಂದ ಅಂಗಡಿಯವ. "ಹೊಸದರಲ್ಲಿ ಅದನ್ನ ತೆಗೆದುಬಿಟ್ಟಾರೆ."

ಮಾವ ಗುಂಡಿ ಒತ್ತಿದ, ಅದು ಒಳಗೆ ಹೋಯಿತು. ಮತ್ತೆ ಒತ್ತಿದ, ಹೊರಗೆ ಬಂತು. ಆಮೇಲೆ ಮೆತ್ತಗೆ, "ಇದನ್ನೇ ಕಟ್ಟಿ ಕೊಡ್ರಿ" ಎಂದ. "ನಾಲಿಗಿ ಇಲ್ಲದ್ದು ನಮ್ಮನ್ಯಾಗೆ ಒಂದು ಇದ್ರೆ ಸಾಕು."

ಈ ಸಲ ಅಂಗಡಿಯಲ್ಲಿ ಯಾರೂ ನಗಲಿಲ್ಲ.

ಮನೆಯ ಬಾಗಿಲಲ್ಲಿ ಅತ್ತೆ ಆರತಿ ತಟ್ಟೆ ಮತ್ತು ತಂಬಿಗೆ ನೀರು ಹಿಡಿದು ನಿಂತಿದ್ದಳು. ಹೊಸ ಎತ್ತು ಬಂದರೆ ಹೊಸ್ತಿಲಲ್ಲಿ ಕಾಲು ತೊಳೆದು ಒಳಗೆ ಕರೆಯುವುದು ಆ ಮನೆಯ ಪದ್ಧತಿ. ಅವಳು ತಂಬಿಗೆ ಬಗ್ಗಿಸಿದ್ದನ್ನು ಕಂಡು ನಾನು ಡಬ್ಬಿಯನ್ನು ತಲೆಯ ಮೇಲೆತ್ತಿ ಕಿರುಚಿದೆ. "ನೀರು ಸೋಕಿದರೆ ಸತ್ತೇಹೋಗ್ತದೆ ಅತ್ತೆ!" ಸಾವಿನ ಮಾತು ಕೇಳಿ ಅವಳ ಕೈ ಅಲ್ಲೇ ನಿಂತಿತು. ಆಮೇಲೆ, ಹೊತ್ತು ತಂದವನ ಕಾಲಾದರೂ ತೊಳೆಯಬೇಕಲ್ಲ ಎಂದು ಪೂರ್ತಿ ನೀರನ್ನು ನನ್ನ ಕಾಲ ಮೇಲೆ, ಹೊಸ ಬೂಟಿನ ಸಮೇತ, ಸುರಿದಳು.

ಒಳಗೆ ಇನ್ನೊಂದು ಆಘಾತ ಕಾದಿತ್ತು. ಕೀಲಿಗಳಿಗೆ ಕನ್ನಡ ಅಕ್ಷರ ಅಂಟಿಸಿ, ಮಾವನಿಂದ ಮೊದಲ ವಾಕ್ಯ ಒತ್ತಿಸಿದೆ. ಮಷೀನು ಮಾತಾಡಿತು, ಹೆಣ್ಣು ದನಿಯಲ್ಲಿ! ಗಂಡು ದನಿಗಾಗಿ ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ. ಸಂತೆಯ ಹೋರಿಗಳನ್ನು ನಡುಗಿಸಿದವನು ಇನ್ನು ಮುಂದೆ ವಾರ್ತೆ ಓದುವ ಹೆಣ್ಣುಮಗಳಂತೆ ಮಾತಾಡಬೇಕು. ಅವನಿಗೆ ಸಿಟ್ಟು ನೆತ್ತಿಗೇರಿ, ಆಪರೇಷನ್ನಿನ ಮುಂಚಿನ ದಿನಗಳನ್ನೆಲ್ಲ ಅದಕ್ಕೆ ಬೈಗುಳ ಕಲಿಸುವುದರಲ್ಲೇ ಕಳೆದ. ಒಂದೊಂದೇ ಅಕ್ಷರ ಕುಟ್ಟಿ "ನಿನ್ನ ಮನಿ ಹಾಳಾಗ" ಎಂದು ಬರೆದರೆ, ಅದು ದೇವರಿಗೆ ಹೂವು ಏರಿಸುವವರಷ್ಟು ವಿನಯದಿಂದ ಓದುತ್ತಿತ್ತು. "ಇದರ ಬಾಯಾಗೆ ಬೈಸಿಕೊಂಡ್ರೆ ಸಾಲಗಾರನೂ ಚಾ ಕುಡಿದು ಹೋಕ್ಕಾನೆ" ಎಂದು ಹಣೆ ಚಚ್ಚಿಕೊಂಡ.

ಆಸ್ಪತ್ರೆಗೆ ಹೊರಡುವ ಬೆಳಗ್ಗೆ ನನ್ನನ್ನು ಒಳಗೆ ಕರೆದು, ಒಂದು ವಾಕ್ಯ ಒಂದೇ ಗುಂಡಿಗೆ ಬರುವಂತೆ ಮಾಡಿಕೊಡು ಎಂದ. ಯಾವ ವಾಕ್ಯ ಎಂದೆ. "ನೋವಿಲ್ಲ. ನೀನು ಊಟ ಮಾಡು." ಯಾರಿಗೆ ಎಂದು ನಾನು ಕೇಳಲಿಲ್ಲ. ಕೀಲಿಮಣೆಯ ಮೂಲೆಯ ಗುಂಡಿಗೆ ಅದನ್ನು ಹೊಂದಿಸಿ, ಮೇಲೆ ಅತ್ತೆಯ ಕೆಂಪು ಬಿಂದಿಯೊಂದನ್ನು ಗುರುತಿಗೆ ಅಂಟಿಸಿದೆ.

ಮರಳಿ ಬಂದ ಮಾವನನ್ನು ವರ್ಣಿಸಲು ನನಗೆ ಇಷ್ಟವಿಲ್ಲ. ಮೂಗಿನಿಂದ ಇಳಿದ ನಳಿಗೆಯಲ್ಲಿ ಅತ್ತೆ ಗಂಜಿ ಬಿಡುತ್ತಿದ್ದಳು. ರುಚಿ ಕಾಣದೆ ನೇರ ಹೊಟ್ಟೆಗೆ ಇಳಿಯುವ ಗಂಜಿ. ಅದನ್ನು ನೋಡಿದ ಮೇಲೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ತಾಟು ಹಾಕಿಕೊಂಡು ಕೂರುವಳು, ಹಾಗೇ ಎತ್ತಿಡುವಳು. ಬಂದು "ನೋವೈತಾ?" ಎಂದು ಕೇಳುವಳು. ಮಾವನ ಬೆರಳು ಬಿಂದಿಯ ಮೇಲೆ ಬೀಳುತ್ತಿತ್ತು. ಮಷೀನು ಸ್ವಚ್ಛವಾಗಿ, ಒತ್ತಕ್ಷರ ತಪ್ಪದೆ ಹೇಳುತ್ತಿತ್ತು: "ನೋವಿಲ್ಲ. ನೀನು ಊಟ ಮಾಡು." ಬಂದ ನೆಂಟರೆಲ್ಲ ಎಂಥ ಸೌಕರ್ಯ ನೋಡಿ ಎಂದು ತಲೆದೂಗಿದರು. ನನಗೂ ಒಳಗೊಳಗೇ ಹೆಮ್ಮೆ. ಹೊಂದಿಸಿಕೊಟ್ಟವನು ನಾನಲ್ಲವೇ!

ಒಂದು ಭಾನುವಾರ ಸೊರಬದಿಂದ ಬಂದು ಮಂಚದ ಪಕ್ಕ ಕೂತಿದ್ದೆ. ಮಾವ ಟವೆಲ್ಲನ್ನು ನಿಧಾನವಾಗಿ ನನ್ನ ಕೈ ಮೇಲೆ ಎಳೆದ. ಕೆಳಗೆ ನನ್ನ ಬೆರಳು ಹುಡುಕಿದ. ಒಂದಲ್ಲ, ಎರಡಲ್ಲ, ಅಂಗೈ ಪೂರ್ತಿ ಹಿಡಿದು ಅಮುಕಿದ. ಬಿಟ್ಟ, ಮತ್ತೆ ಅಮುಕಿದ. ನೋವಿನ ಲೆಕ್ಕ ಅದು. ಇನ್ನು ಮುಂದೆ ಇಲ್ಲ, ಅದೇ ಕೊನೆ. ಮುಖ ಮಾತ್ರ ಎತ್ತು ಮಾರುವವನ ಮುಖ, ಒಂದು ಗೆರೆ ಅಲ್ಲಾಡಲಿಲ್ಲ. ನನಗೆ ಅಳು ಒತ್ತಿ ಬಂತು. ನಗದೇ ಇರುವುದು ಕಷ್ಟ ಅಂದುಕೊಂಡಿದ್ದೆ ಚಿಕ್ಕಂದಿನಲ್ಲಿ. ಅಳದೇ ಇರುವುದು ಅದಕ್ಕಿಂತ ಕಷ್ಟ.

ಅಷ್ಟರಲ್ಲಿ ಗಂಜಿ ಹಿಡಿದು ಅತ್ತೆ ಬಂದಳು. "ನೋವೈತಾ?" ಎಂದಳು. ಮಾವನ ಇನ್ನೊಂದು ಕೈ ಬಿಂದಿಯನ್ನು ಒತ್ತಿತು. "ನೋವಿಲ್ಲ. ನೀನು ಊಟ ಮಾಡು."

ಅತ್ತೆ ಪರದೆ ನೋಡಲಿಲ್ಲ, ಟವೆಲ್ಲು ನೋಡಿದಳು. ಗಂಜಿ ಪಾತ್ರೆಯನ್ನು ಕೆಳಗಿಟ್ಟು, "ಏಳೋ ಸ್ವಲ್ಪ" ಎಂದು ನನ್ನನ್ನು ಎಬ್ಬಿಸಿದಳು. ನನ್ನ ಜಾಗದಲ್ಲಿ ಕೂತು ತನ್ನ ಕೈಯನ್ನು ಟವೆಲ್ಲಿನ ಕೆಳಗೆ ತೂರಿಸಿದಳು. ಸಂತೆಯಲ್ಲಿ ಹೆಂಗಸರ ಕೈ ಅಲ್ಲಿಗೆ ಹೋದದ್ದನ್ನು ನಾನು ಕಂಡಿಲ್ಲ. "ಇಷ್ಟು ವರ್ಷ ದಲ್ಲಾಳಿ ಜೊತೆ ಬಾಳಿದೀನಿ, ಅಷ್ಟೂ ತಿಳಿಯಲ್ವಾ? ಹೇಳಿ ಈಗ" ಎಂದಳು.

ಟವೆಲ್ಲು ಅಲ್ಲಾಡಲಿಲ್ಲ. ಮಾವ ಗೋಡೆಯ ಕಡೆ ನೋಡಿದ. ಅವಳು ಕಾದಳು. ಆಮೇಲೆ ಬಟ್ಟೆ ಮೆಲ್ಲಗೆ ಮೇಲೆದ್ದು, ಬಿಗಿಯಿತು. ಬಿಗಿದೇ ಇತ್ತು. ಮಾವನ ಮುಖ, ಅಷ್ಟು ವರ್ಷ ಯಾವ ಸಂತೆಯಲ್ಲೂ ಅಲ್ಲಾಡದ ಮುಖ, ಒಡೆದುಹೋಯಿತು. ಗಾಬರಿಯಲ್ಲಿ ಇನ್ನೊಂದು ಕೈ ಬಿಂದಿಯ ಮೇಲೆ ಬಿತ್ತು. ಮಷೀನು ಅದೇ ವಿನಯದಿಂದ ಮತ್ತೆ ಶುರು ಮಾಡಿತು. "ನೋವಿಲ್ಲ. ನೀನು..."

ಅತ್ತೆ ಟವೆಲ್ಲಿನ ಕೆಳಗಿನ ಕೈ ಬಿಡದೆ ಆ ಕಡೆ ತಿರುಗಿದಳು.

"ನೀನ್ ಸುಮ್ನಿರೇ ತಾಯಿ" ಎಂದಳು. "ನಾವಿಬ್ರೂ ಮಾತಾಡ್ತಾ ಇದೀವಿ."