ಅಮೆರಿಕದ ಹುಡುಗಿಯ ಪರವಾಗಿ ಹೊಸನಗರದ ಠರಾವು

ಕಥೆ ಹೇಳುವವರು ಹೇಳಿ ಮುಗಿಸಿ ಮನೆಗೆ ಹೋಗಬಹುದು. ಕೇಳಿದವರು ಅದನ್ನು ಎಲ್ಲಿಗೆ ಹೊತ್ತುಕೊಂಡು ಹೋಗುತ್ತಾರೆ ಅನ್ನುವುದು ಮಾತ್ರ ಯಾರ ಕೈಯಲ್ಲೂ ಇಲ್ಲ. ನನಗಂತೂ ಹದಿನೈದು ದಿನಕ್ಕೊಮ್ಮೆ ಇದು ಆಗುತ್ತಲೇ ಇರುತ್ತದೆ.

ನಾಲ್ಕು ದೇಶಗಳ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸಿ, ನಿವೃತ್ತಳಾಗಿ, ಸಾಗರದಲ್ಲಿ ಮನೆ ಮಾಡಿದೆ. ಒಂದು ತಿಂಗಳು ಸುಮ್ಮನೆ ಕೂತೆ. ಎರಡನೇ ತಿಂಗಳು ತಡೆಯಲಾರದೆ ಬಸ್ ಹತ್ತಿದೆ. ಈಗ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಒಂದೊಂದು ಮಹಿಳಾ ಸಂಘದಲ್ಲಿ ಕೂತು ಹಳೆಯ ಕಾದಂಬರಿಗಳನ್ನು ಕನ್ನಡದಲ್ಲಿ ಹೇಳುತ್ತೇನೆ. ಎಲ್ಲ ಹತ್ತೊಂಬತ್ತನೇ ಶತಮಾನದ ಅಮೆರಿಕದವು, ಹೆಚ್ಚಿನವು ಹೆಂಗಸರೇ ಬರೆದವು. ಒಂದರಲ್ಲಿ ಹುಡುಗಿ ಕೈಯಲ್ಲೊಂದು ಚೀಲ ಹಿಡಿದು ದುಡಿಯಲು ಹೊರಡುತ್ತಾಳೆ. ಇನ್ನೊಂದರಲ್ಲಿ ಗುಲಾಮಗಿರಿಯ ವಿರುದ್ಧ ಊರೂರು ತಿರುಗುತ್ತಾಳೆ. ಮತ್ತೊಂದರಲ್ಲಿ ಹೆಂಡದಂಗಡಿ ಮುಚ್ಚಿಸುತ್ತಾಳೆ. ಕೊನೆಯ ಇಪ್ಪತ್ತು ಪುಟ ಬಂದಾಗ ಎಲ್ಲಿಂದಲೋ ಒಬ್ಬ ಒಳ್ಳೆಯ ಗಂಡಸು ಬಂದು ಅವಳನ್ನು ಮದುವೆಯಾಗುತ್ತಾನೆ. ಪುಸ್ತಕ ಮಾರಾಟವಾಗಬೇಕಲ್ಲ.

ಹೋದ ವರ್ಷ ಹೇಳಿದ ಕಾದಂಬರಿಯನ್ನು ಬರೆದವಳನ್ನು ಅವಳ ದೇಶದವರೇ ಮರೆತಿದ್ದಾರೆ, ಹಾಗಾಗಿ ಹೆಸರು ಬೇಡ. ಕಥೆ ಇಷ್ಟು: ತಂದೆ ತಾಯಿ ಇಲ್ಲದ ಹುಡುಗಿ, ಅಣ್ಣನ ಮನೆಯಲ್ಲಿದ್ದಾಳೆ. ಊರಿನ ಹಿಟ್ಟಿನ ಗಿರಣಿಯ ಮಾಲೀಕ, ವಯಸ್ಸಾದ ವಿಧುರ, ಅವಳನ್ನು ಕೇಳಿದ್ದಾನೆ. ಅಣ್ಣ ಹೂಂ ಅಂದಿದ್ದಾನೆ. ಹುಡುಗಿಗೆ ಮಾತ್ರ ಪಟ್ಟಣಕ್ಕೆ ಹೋಗಿ ಪ್ರೆಸ್ಸಿನಲ್ಲಿ ಅಚ್ಚು ಜೋಡಿಸುವ ಕೆಲಸ ಕಲಿಯಬೇಕು.

೧. ಗಿರಣಿ ನಡೀತಿದ್ಯಾ?

ಹೊಸನಗರದ ಸಂಘ ಅಂದರೆ ಪೇಟೆಯದ್ದಲ್ಲ, ನಗರ ಅನ್ನುವ ಊರಿನ ಕಡೆ ಹೋಗುವ ರಸ್ತೆಯ ಒಂದು ಹಳ್ಳಿಯದ್ದು. ಸಭೆ ಅಂಗನವಾಡಿಯಲ್ಲಿ. ಮಕ್ಕಳ ಕುರ್ಚಿಯಲ್ಲಿ ಕೂತು ಸ್ತ್ರೀ ಸ್ವಾತಂತ್ರ್ಯದ ಬಗ್ಗೆ ಮಾತಾಡುವುದು ಮಂಡಿಗೆ ಕಷ್ಟ.

ಹುಡುಗಿಯ ಸಂಕಟವನ್ನು ನಾನು ಮನಮುಟ್ಟುವಂತೆ ಹೇಳಿದೆ. ಯಾರಾದರೂ ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಸಂಘದ ಅಧ್ಯಕ್ಷೆ ಎಲೆ ಅಡಿಕೆ ಒಂದು ಬದಿಗೆ ತಳ್ಳಿಕೊಂಡು ಕೇಳಿದರು, "ಗಿರಣಿ ನಡೀತಿದ್ಯಾ ಮೇಡಂ, ಬಾಗಿಲು ಹಾಕಿದ್ಯಾ?"

"ನಡೀತಿದೆ."

"ಮೊದಲನೇ ಹೆಂಡ್ತಿ ಎಂತಾಗಿ ತೀರಿಕೊಂಡ್ಳು?"

"ಪುಸ್ತಕದಲ್ಲಿ ಹೇಳಿಲ್ಲ."

"ಅದನ್ನೇ ಹೇಳ್ದೆ ಮತ್ತೆಂತ ಬರೆದಿದಾಳೆ ಅವ್ಳು?"

ಮೂಲೆಯಿಂದ ಇನ್ನೊಬ್ಬರು, "ಆ ಕಡೆ ನಮ್ಮವ್ರು ಯಾರಾದ್ರೂ ಇದ್ರೆ ವಿಚಾರಿಸಬಹುದಿತ್ತು" ಅಂದರು. ಅರ್ಧ ಗಂಟೆಯಲ್ಲಿ ಅವರೆಲ್ಲ ಸೇರಿ ಗಂಡಿನ ಕಡೆಯ ಪೂರ್ತಿ ವಿಚಾರಣೆ ಮುಗಿಸಿದರು. ಹುಡುಗಿಯನ್ನು ಕೇಳಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಸುಮ್ಮನಿದ್ದವಳು ಸಂಘದ ಕಾರ್ಯದರ್ಶಿ ಒಬ್ಬಳೇ. ಮೂವತ್ತೆರಡು ವರ್ಷ, ಮದುವೆಯಾಗಿಲ್ಲ, ತಂದೆ ತಾಯಿ ಇಲ್ಲ, ಅಣ್ಣನ ಮನೆಯಲ್ಲಿದ್ದಾಳೆ. ಸಭೆಯಲ್ಲಿ ಯಾರು ಕೆಮ್ಮಿದರೂ ನಡಾವಳಿ ಪುಸ್ತಕದಲ್ಲಿ ಬರೆಯುವಷ್ಟು ಶಿಸ್ತಿನವಳು. ಅವತ್ತು ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಬಾಯಿಬಿಟ್ಟಳು.

ಪಂಚಾಯ್ತಿಗೆ ಕಸದ ಗಾಡಿ ಬಂದು ನಾಲ್ಕು ತಿಂಗಳಾಗಿದೆ, ಟಾರ್ಪಾಲಿನ ಕೆಳಗೆ ನಿಂತಿದೆ. ಓಡಿಸಲು ಸಂಘದ ಹೆಂಗಸೇ ಬೇಕಂತೆ. ಇವಳ ಹತ್ತಿರ ಲೈಸೆನ್ಸ್ ಇದೆ. ಮುಂದಿನ ಪಂಚಾಯ್ತಿ ಸಭೆಯೊಳಗೆ ಅರ್ಜಿ ಕೊಡದಿದ್ದರೆ ಪಕ್ಕದೂರಿನವಳಿಗೆ ಹೋಗುತ್ತದೆ. ಅಡ್ಡ ನಿಂತವನು ಅಣ್ಣ. ಅವನೂ ಡ್ರೈವರೇ, ಸರ್ಕಲ್ಲಿನಲ್ಲಿರುವ ಮೂರು ಆಟೋಗಳಲ್ಲಿ ಒಂದು ಅವನದ್ದು.

"ಕಸದ ಗಾಡಿಲಿ ನೀನು ಸರ್ಕಲ್ ದಾಟಿದ್ರೆ ಸ್ಟ್ಯಾಂಡಲ್ಲಿ ನಾನು ಮುಖ ಎಲ್ಲಿಡ್ಲಿ ಅಂತಾನೆ ಮೇಡಂ."

"ನಿನಗೆ ಅವನ ಒಪ್ಪಿಗೆ ಬೇಕಂತ ಕಾನೂನಲ್ಲಿ ಎಲ್ಲೂ ಇಲ್ಲ" ಅಂದೆ.

"ಕಾನೂನು ರಾತ್ರಿ ಊಟಕ್ಕೆ ಪಕ್ಕದಲ್ಲಿ ಕೂರಲ್ವಲ್ಲ. ಅವನು ಕೂರ್ತಾನೆ."

ಬಸ್ಸು ಬಂತು. ನಾನು ಹತ್ತುವಾಗ ಹೇಳಿದಳು, "ಆ ಹುಡುಗಿ ಎಂತ ಮಾಡ್ಬೇಕು ಅಂತ ಸಾಗರದವ್ರನ್ನೂ ಕೇಳಿ, ತೀರ್ಥಳ್ಳಿಯವ್ರನ್ನೂ ಕೇಳಿ. ನಾ ಕೇಳಿದ್ದು ಅಂತ ಹೇಳ್ಬೇಡಿ."

೨. ಮೆರವಣಿಗೆ ಇಲ್ಲದ ಸುಧಾರಣೆ

ಸಾಗರದ ಸಂಘದಲ್ಲಿ ನಿವೃತ್ತ ಟೀಚರುಗಳು, ಬ್ಯಾಂಕಿನವರು. ಓದಿದವರು, ಬೇಗ ತೀರ್ಮಾನ ಕೊಡುತ್ತಾರೆ ಅಂತ ಹೋದೆ. ಆದರೆ ಗಿರಣಿ ಮಾಲೀಕನ ಮನೆಯ ಔತಣದಲ್ಲಿ ಹುಡುಗಿ ತಲೆತಿರುಗಿ ಬೀಳುವ ಅಧ್ಯಾಯದಲ್ಲೇ ಕಥೆಯ ಗಾಡಿ ನಿಂತಿತು. ಯಾಕೆ ಬಿದ್ದಳು ಅಂತ ಕೇಳಿದರು. ಆಗಿನ ಕಾಲದಲ್ಲಿ ಸೊಂಟ ಸಣ್ಣ ಕಾಣಲಿ ಅಂತ ತಿಮಿಂಗಿಲದ ಬಾಯಿಂದ ತೆಗೆದ ಗಟ್ಟಿ ಪಟ್ಟಿಗಳನ್ನು ಹೊಲಿದ ಕವಚವನ್ನು ಒಳಗೆ ಬಿಗಿಯುತ್ತಿದ್ದರು, ಬೆನ್ನಿಗೆ ಮಂಡಿ ಕೊಟ್ಟು ದಾರ ಎಳೆಯುತ್ತಿದ್ದರು ಅಂತ ವಿವರಿಸಿದೆ.

ಎಂಬತ್ತು ದಾಟಿದ ಹವ್ಯಕರ ಅಜ್ಜಿಯೊಬ್ಬರು ನಿಧಾನ ಕೇಳಿದರು, "ಉಸ್ರು ಬಿಡಲೇ ಜಾಗ ಇಲ್ಲೆ. ಉಂಡಿದ್ದು ಎಲ್ಲಿಗೆ ಹೋಗ್ತು?"

ಅದಕ್ಕಾಗಿಯೇ ಅಲ್ಲಿ ಉಡುಪಿನ ಸುಧಾರಣೆಗೆ ಚಳವಳಿ ನಡೆಯಿತು, ಹೆಂಗಸರು ಸಡಿಲ ಬಟ್ಟೆ ಹಾಕಿ ಬೀದಿಗಿಳಿದರು, ಜನ ಕಲ್ಲು ಹೊಡೆದರು, ಪತ್ರಿಕೆಗಳು ವ್ಯಂಗ್ಯಚಿತ್ರ ಹಾಕಿದವು ಅಂದೆ. ಕೊಂಚ ಭಾಷಣದ ಧಾಟಿಯೇ ಬಂದಿರಬೇಕು.

ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು ಕನ್ನಡಕ ತೆಗೆದರು. "ನಮ್ಮಲ್ಲಿ ಇಷ್ಟೆಲ್ಲ ಆಗ್ಲೇ ಇಲ್ಲ ನೋಡಿ. ಯಾರೋ ಒಬ್ಳು ನೈಟಿ ಹಾಕ್ಕೊಂಡು, ಮೇಲೊಂದು ಟವೆಲ್ ಹೊದ್ದು, ಹಾಲು ತರೋಕೆ ಹೋದ್ಲು. ಮಾರನೇ ದಿನ ಇಡೀ ಬೀದಿ ಹೋಯ್ತು. ಅಷ್ಟೆ."

ಹೊರಡುವಾಗ ನೆನಪಿಸಿದೆ, ಹುಡುಗಿ ಏನು ಮಾಡಬೇಕು ಅಂತ. ಅಜ್ಜಿ ಚಪ್ಪಲಿ ಹಾಕುತ್ತಾ ಅಂದರು, "ಪ್ರೆಸ್ಸಿಗೇ ಹೋಗ್ಲಿ. ಅಲ್ಲಾದ್ರೂ ಉಸ್ರಾಡ್ಲಕ್ಕು."

೩. ತಾಳ

ತೀರ್ಥಹಳ್ಳಿಯಲ್ಲಿ ಹೇಳಿದ್ದು ಗಿರಣಿ ಮಾಲೀಕ ಕುಡಿಯುತ್ತಾನೆ ಅನ್ನುವ ಅಧ್ಯಾಯ. ಕಥೆಯ ಊರಿನ ಹೆಂಗಸರು ಒಟ್ಟಾಗಿ ಹೆಂಡದಂಗಡಿಯ ಮುಂದೆ ಮಂಡಿಯೂರಿ ಕೂತು, ಅಂಗಡಿ ಮುಚ್ಚುವ ತನಕ ದೇವರ ಹಾಡು ಹೇಳುತ್ತಾರೆ. ಎಂಟನೇ ದಿನ ಅಂಗಡಿಯವನು ಅಳುತ್ತಾ ಪೀಪಾಯಿಗಳನ್ನು ತಾನೇ ಒಡೆಯುತ್ತಾನೆ. ನನಗೆ ತುಂಬ ಇಷ್ಟವಾದ ಭಾಗ ಅದು, ಚೆನ್ನಾಗಿಯೇ ಹೇಳಿದೆ.

"ಹಾಡು ಹೇಳಿದ್ರೆ ಮುಚ್ತಾರಾ?" ಅಂದರು ಒಬ್ಬರು ಗೌಡರ ಮನೆಯವರು. "ನಮ್ಮಲ್ಲಿ ಹಾಡು ಶುರು ಮಾಡಿದ್ರೆ ಇನ್ನೂ ನಾಲ್ಕು ಜನ ಬರ್ತಾರೆ."

ಪಕ್ಕದವರು ನಗಲಿಲ್ಲ. "ನಾ ಮನೇಲಿ ಮಾಡಿ ನೋಡಿದೀನಿ" ಅಂದರು. ಸಂಜೆ ಗಂಡ ಬಾಟಲಿ ಇಟ್ಟುಕೊಂಡು ಕೂತ ಕೂಡಲೇ ಎದುರಿಗೆ ದೀಪ ಹಚ್ಚಿ ಭಜನೆಗೆ ಕೂರುತ್ತಿದ್ದರಂತೆ. ದಿನಾ ಒಂದು ಗಂಟೆ, ಒಂದು ತಿಂಗಳು.

"ನಾಚಿಕೆ ಆಯ್ತಾ ಅವರಿಗೆ?"

"ನಾಚಿಕೆ ಎಲ್ಲಿಂದ? ಮೂರನೇ ದಿನಕ್ಕೆ ತಾಳ ಹಾಕೋಕೆ ಶುರು ಮಾಡಿದ್ರು. ಕುಡಿಯೋದು ಬಿಟ್ಟಿಲ್ಲ. ಆದ್ರೆ ಈಗ ಎಷ್ಟು ಕುಡಿದ್ರೂ ತಾಳ ತಪ್ಪಲ್ಲ."

ಹುಡುಗಿಯ ವಿಚಾರದಲ್ಲಿ ತೀರ್ಥಹಳ್ಳಿ ಒಮ್ಮತದಿಂದ ಪ್ರೆಸ್ಸಿನ ಕಡೆಗೇ ಬಿತ್ತು. ಅಚ್ಚು ಜೋಡಿಸುವ ಕೆಲಸ ಸುಲಭ ಅಂತಲ್ಲ, ಗಿರಣಿಯವನಿಗೆ ತಾಳ ಕಲಿಸುವುದು ಯಾರು ಅಂತ.

೪. ವಿಷಯ ನಾಲ್ಕು

ಎರಡೂ ಊರಿನ ತೀರ್ಪನ್ನು ಹೊಸನಗರದಲ್ಲಿ ಒಪ್ಪಿಸಿದೆ. ಕಾರ್ಯದರ್ಶಿ ತಲೆ ಎತ್ತದೆ ಬರೆದುಕೊಂಡಳು. ಗಂಡು ಕುಡುಕ ಅಂತ ತಿಳಿದ ಮೇಲೆ ಅಧ್ಯಕ್ಷೆಯೂ ಪಕ್ಷ ಬದಲಿಸಿದರು. "ಹಾಗಾದ್ರೆ ಬೇಡ. ಅಣ್ಣ ಅನ್ನಿಸ್ಕೊಂಡವ್ನು ಹಿಂಗೆ ಮಾಡ್ಬಾರ್ದು. ಬರಿ ಮಾರಾಯ್ತಿ, ಸಭೆ ಖಂಡಿಸ್ತು ಅಂತ ಬರಿ." ಎಲ್ಲರೂ ಕೈ ಎತ್ತಿದರು. ಎಲ್ಲರೂ ಸಹಿ ಹಾಕಿದರು. ಹುಡುಗಿಯ ಅಮೆರಿಕದ ಹೆಸರು ಯಾರ ನಾಲಿಗೆಯಲ್ಲೂ ಹೊರಳದೆ, ಮೊದಲ ದಿನದಿಂದ ಅವಳು ಬರೀ "ಹುಡುಗಿ"ಯೇ.

ಅದೇ ದಿನ ಇನ್ನೊಂದು ಕೆಲಸವೂ ಆಯಿತು. ಕಸದ ಗಾಡಿಗೆ ಕಾರ್ಯದರ್ಶಿಯ ಹೆಸರನ್ನು ಸಂಘ ಶಿಫಾರಸು ಮಾಡಿತು. ಅಣ್ಣ ಒಪ್ಪುತ್ತಾನೋ ಇಲ್ಲವೋ, ಅರ್ಜಿಯಾದರೂ ಹೋಗಲಿ ಅಂತ. ಅರ್ಜಿಯ ಜೊತೆ ಠರಾವಿನ ನಕಲು ಇಡಬೇಕು. ಅವಳು ಆ ಪುಟದ ಜೆರಾಕ್ಸ್ ಮಾಡಿಸಿ, ಸೀಲು ಹೊಡೆದು, ಪಂಚಾಯ್ತಿಗೆ ಕೊಟ್ಟು ಬಂದಳು.

ಪುಟದಲ್ಲಿ ಮೂರನೇ ವಿಷಯ ಕಸದ ಗಾಡಿ. ನಾಲ್ಕನೇ ವಿಷಯ ಹೀಗಿತ್ತು: "ತಂದೆ ತಾಯಿ ಇಲ್ಲದ ಹುಡುಗಿಯನ್ನು ಅವಳ ಅಣ್ಣನು ಮದ್ಯಪಾನಿಯಾದ ಗಿರಣಿ ಮಾಲೀಕರಿಗೆ ಕೊಡಲು ಹೊರಟಿರುವುದನ್ನೂ, ಅವಳು ಕೆಲಸಕ್ಕೆ ಹೋಗಲು ಅಡ್ಡಿ ಮಾಡುತ್ತಿರುವುದನ್ನೂ ಸಭೆಯು ಒಕ್ಕೊರಲಿನಿಂದ ಖಂಡಿಸಿತು. ಈ ಬಗ್ಗೆ ಸಾಗರ ಮತ್ತು ತೀರ್ಥಹಳ್ಳಿಯ ಮಹಿಳೆಯರ ಬೆಂಬಲವಿರುವುದಾಗಿ ಮೇಡಂ ತಿಳಿಸಿದರು."

ಇದೆಲ್ಲ ಮುಗಿದ ಮೇಲೆ ಒಂದು ದಿನ ನಾನು ಕೇಳಿದೆ, "ಇದು ಕಥೆ ಅಂತ ಒಂದು ಪದ ಬರೆಯೋಕೆ ಏನಾಗಿತ್ತು ನಿನಗೆ?"

"ಸಭೇಲಿ ಆ ಪದ ಯಾರೂ ಆಡ್ಲಿಲ್ಲ ಮೇಡಂ. ಆಡದೆ ಇರೋದನ್ನ ನಡಾವಳಿಲಿ ಹೆಂಗೆ ಬರೀಲಿ?"

೫. ಬರೀ ಹಿಟ್ಟಿನ ವಿಷಯ

ಪಂಚಾಯ್ತಿ ಅಧ್ಯಕ್ಷರಿಂದ ನನಗೆ ಫೋನ್ ಬಂತು. "ಮೇಡಂ, ಮೂರು ತಾಲ್ಲೂಕಿನ ಹೆಂಗಸರು ಸೇರಿದ್ದಾರಂತೆ. ದೊಡ್ಡದಾಗೋದು ಬೇಡ, ಇಲ್ಲೇ ಕೂತು ಮಾತಾಡೋಣ. ಬನ್ನಿ." ಏನು ಎತ್ತ ಗೊತ್ತಿಲ್ಲದೆ ಹೋದೆ.

ಕಚೇರಿಯಲ್ಲಿ ಕಾರ್ಯದರ್ಶಿ ಒಂದು ಮೂಲೆಯಲ್ಲಿ, ಅಣ್ಣ ಖಾಕಿ ಅಂಗಿಯಲ್ಲಿ ಇನ್ನೊಂದು ಮೂಲೆಯಲ್ಲಿ ನಿಂತಿದ್ದರು. ಅವನ ಕೈಯಲ್ಲಿ ಠರಾವಿನ ಜೆರಾಕ್ಸ್ ಇತ್ತು. ನನ್ನನ್ನು ಕಂಡವನೇ ಶುರು ಮಾಡಿದ.

"ಮೇಡಂ, ಗಿರಣಿಯವರ ಹತ್ರ ನಾನು ಮಾತಾಡಿದ್ದು ನಿಜ. ಹೋದ ವಾರ ಹತ್ತು ನಿಮಿಷ ನಿಂತು ಮಾತಾಡಿದೀನಿ. ಅದು ಬರೀ ಹಿಟ್ಟಿನ ವಿಷಯ. ಅಕ್ಕಿ ತರಿತರಿ ಬೀಸಿದಾರೆ ಅಂತ ಕೇಳೋಕೆ ಹೋಗಿದ್ದು. ಮದುವೆ ಸುದ್ದಿನೇ ಎತ್ತಿಲ್ಲ."

ಆಗ ನನಗೆ ಅರ್ಥವಾಯಿತು. ಆ ಊರಿಗೆ ಇರುವುದು ಒಂದೇ ಗಿರಣಿ. ನಾನು ಬಾಯಿ ತೆರೆಯುವುದರೊಳಗೆ ಅಣ್ಣ ಅಧ್ಯಕ್ಷರ ಕಡೆ ತಿರುಗಿದ್ದ.

"ಮತ್ತೆ ಕೆಲಸಕ್ಕೆ ಅಡ್ಡಿ ಅಂತ ಬರೆದಿದಾರೆ. ಯಾರು ಅಡ್ಡಿ ಮಾಡಿದ್ದು? ಅವಳಿಗೆ ಕ್ಲಚ್ಚು ಗೇರು ಹೇಳಿಕೊಟ್ಟಿದ್ದೇ ನಾನು. ಓಡಿಸ್ಲಿ. ಎಲ್ಲಿ ಸಹಿ ಹಾಕ್ಬೇಕು ಹೇಳಿ."

ಒಪ್ಪಿಗೆ ಪತ್ರ ಯಾರೂ ಕೇಳಿರಲಿಲ್ಲ. ಅವನೇ ಕಾಗದ ಇಸಿದುಕೊಂಡು ಬರೆದ. ಗುಮಾಸ್ತರು ಅಭ್ಯಾಸಬಲದಿಂದ ಸೀಲು ಹೊಡೆದು ವಹಿಯಲ್ಲಿ ನಂಬರು ಹಾಕಿದರು. ನಾನು ನಿಜ ಹೇಳಬಹುದಿತ್ತು. ಕಾರ್ಯದರ್ಶಿ ಕಿಟಕಿಯ ಆಚೆ ಟಾರ್ಪಾಲನ್ನೇ ನೋಡುತ್ತಿದ್ದಳು. ನಾನು ಚೀಲದಲ್ಲಿ ಕನ್ನಡಕ ಹುಡುಕಿದೆ. ಸೀಲಿನ ಶಾಯಿ ಒಣಗುವ ತನಕ ಹುಡುಕಿದೆ.

ಅಷ್ಟರಲ್ಲಿ ಗಿರಣಿ ಮಾಲೀಕರನ್ನು ಅವರ ಹೆಂಡತಿ ಕರೆದುಕೊಂಡು ಬಂದರು. ಮೈಯೆಲ್ಲ ಹಿಟ್ಟು, ಗಿರಣಿಯಿಂದ ನೇರ ಎಬ್ಬಿಸಿಕೊಂಡು ಬಂದ ಹಾಗಿತ್ತು.

"ಯಾವ ಹುಡುಗಿ ಇದು, ಇವತ್ತು ಗೊತ್ತಾಗ್ಬೇಕು" ಅಂದರು ಆಕೆ.

"ನಂಗೂ ಗೊತ್ತಾಗ್ಬೇಕು" ಅಂದರು ಪಾಪ, ಅವರು. "ಮದ್ಯಪಾನಿ ಅಂತ ಬೇರೆ ಬರೆದಿದಾರೆ. ನಾ ಕಾಫಿನೇ ಕುಡಿಯಲ್ಲ."

ಇನ್ನು ತಡೆಯುವುದು ಸರಿಯಲ್ಲ ಅನಿಸಿತು. ಹುಡುಗಿ ಅಮೆರಿಕದವಳು, ಗಿರಣಿ ಅಲ್ಲಿಯ ಒಂದು ಹೊಳೆಯ ದಂಡೆಯದ್ದು, ಇದು ನೂರೈವತ್ತು ವರ್ಷದ ಹಿಂದಿನ ಕಾದಂಬರಿ ಅಂತ ಎಲ್ಲ ಹೇಳಿದೆ.

ಗಿರಣಿಯವರ ಹೆಂಡತಿ ಗಂಡನನ್ನು ಕಾಲಿಂದ ತಲೆಯವರೆಗೆ ಒಮ್ಮೆ ನೋಡಿದರು. "ನಂಗೆ ಮೊದ್ಲೇ ಅನುಮಾನ ಇತ್ತು. ಇವ್ರನ್ನ ಯಾರು ಕೇಳ್ತಾರೆ" ಅಂದು, ಅವರ ಬೆನ್ನಿನ ಹಿಟ್ಟು ಕೊಡವಿ ಕರೆದುಕೊಂಡು ಹೋದರು. ಗಿರಣಿಯವರ ಮುಖದಲ್ಲಿ ನಿರಾಳವೂ ಇತ್ತು, ಕೊಂಚ ಬೇಸರವೂ ಇತ್ತು.

ಅಣ್ಣ ಮೆಲ್ಲಗೆ ಗುಮಾಸ್ತರ ಮೇಜಿನ ಹತ್ತಿರ ಸರಿದ. "ಸರ್, ಹಾಗಾದ್ರೆ ಆ ಕಾಗದ..."

"ನಂಬರ್ ಬಿದ್ದಿದೆ" ಅಂದರು ಗುಮಾಸ್ತರು. "ವಾಪಸ್ ಬೇಕಾದ್ರೆ ಕಾರಣ ಬರೆದು ಇನ್ನೊಂದು ಅರ್ಜಿ ಕೊಡಿ."

ಅವನು ಪೆನ್ನು ಹಿಡಿದು ಬಹಳ ಹೊತ್ತು ನಿಂತ. ಬರೆಯಲು ಕಾರಣ ಸಿಗಲಿಲ್ಲ.

೬. ಅಮೆರಿಕದ ಅಣ್ಣ

ಹೋದ ತಿಂಗಳು ಬೆಳಿಗ್ಗೆ ಆ ಊರಿನಿಂದ ಪೇಟೆಗೆ ಹೋಗಿ ತೀರ್ಥಹಳ್ಳಿ ಬಸ್ಸು ಹಿಡಿಯಬೇಕಿತ್ತು. ಸರ್ಕಲ್ಲಿನಲ್ಲಿ ಇದ್ದದ್ದು ಕಾರ್ಯದರ್ಶಿಯ ಅಣ್ಣನ ಆಟೋ ಒಂದೇ. ಹತ್ತಿ ಕೂತೆ. ಎರಡು ತಿರುವು ದಾಟಿದರೆ ಮುಂದೆ ಕಸದ ಗಾಡಿ. ರಸ್ತೆ ಕಿರಿದು, ಪಕ್ಕ ಹಾಕಿ ಹೋಗಲು ಜಾಗವಿಲ್ಲ. ಗಾಡಿ ಮೈಕಿನಲ್ಲಿ ಹಾಡು ಹಾಕಿಕೊಂಡು ಪ್ರತಿ ಮನೆಯ ಮುಂದೆ ನಿಲ್ಲುತ್ತಿತ್ತು. ಕಾರ್ಯದರ್ಶಿ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಹಸಿ ಕಸ ಒಣ ಕಸ ಬೆರೆಸಿದವರಿಗೆ ಸಾವಕಾಶವಾಗಿ ಬುದ್ಧಿ ಹೇಳುತ್ತಿದ್ದಳು. ನಡಾವಳಿಯ ಹಾಗೆಯೇ, ಒಬ್ಬರನ್ನೂ ಬಿಡದೆ.

ನಾನು ಗಡಿಯಾರ ನೋಡಿಕೊಂಡೆ. ಅಣ್ಣನ ಕೈ ಹಾರ್ನಿನ ಮೇಲಿತ್ತು, ಒತ್ತಲಿಲ್ಲ. ಹಿಂದೆ ಬಂದ ಬೈಕಿನವನು ಪೀಂಗುಟ್ಟಿದಾಗ ಹೊರಗೆ ತಲೆ ಹಾಕಿ, "ಕಾಣಲ್ವೇನೋ, ಕೆಲಸ ನಡೀತಿದೆ" ಅಂದ.

ಐದನೇ ಮನೆಯ ಮುಂದೆ ನಿಂತಾಗ ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದ, "ಮೇಡಂ, ಆ ಅಮೆರಿಕದ ಹುಡುಗಿ ಕೊನೆಗೆ ಪ್ರೆಸ್ಸಿಗೆ ಹೋದ್ಲಾ?"

"ಹೋದ್ಲು. ತಾನೇ ಒಂದು ಪತ್ರಿಕೆ ನಡೆಸಿದ್ಲು."

"ಅವಳ ಅಣ್ಣ?"

"ಮನೆ ಬಾಗಿಲು ಹಾಕಿದ. ಹದಿನೇಳು ವರ್ಷ ಮಾತಾಡಿಸ್ಲಿಲ್ಲ."

ಅವನು ಎಂಜಿನ್ ಆಫ್ ಮಾಡಿದ. ಮುಂದಿನ ಗಾಡಿಯನ್ನೇ ನೋಡುತ್ತಾ ಬಹಳ ಬೇಜಾರಿನಿಂದ ತಲೆಯಾಡಿಸಿದ.

"ಎಂತಾ ಜನ ಮೇಡಂ ಅವ್ರು. ಒಡಹುಟ್ಟಿದ ತಂಗಿ ದುಡೀತೀನಿ ಅಂದ್ರೆ ಅಡ್ಡ ನಿಲ್ಲೋದು ಅಂದ್ರೆ? ನಮ್ ಕಡೆ ಯಾರಾದ್ರೂ ಹಿಂಗೆ ಮಾಡ್ತಾರಾ ಹೇಳಿ."