ಸಣ್ಣಾಕಿಗೆ ಮೊದಲು ಬಂದ ಸ್ವಾತಂತ್ರ್ಯ

ಆಗಸ್ಟ್ ಹದಿನೈದು ಬಂತೆಂದರೆ ದೇಶಕ್ಕೆಲ್ಲ ಸಂಭ್ರಮ, ನಮ್ಮ ದೊಡ್ಡತ್ತೆಗೆ ಮಾತ್ರ ಹೊಟ್ಟೆ ಉರಿ! ಛೆ, ತಪ್ಪು ತಿಳಿಯಬೇಡಿ. ಇಂಗ್ಲಿಷರು ಹೋದದ್ದಕ್ಕೆ ಆಕೆಗೇನೂ ದುಃಖವಿರಲಿಲ್ಲ. ಆಕೆಯ ಉರಿಯೆಲ್ಲ ಸ್ವಂತ ತಂಗಿಯ ಮೇಲೆ.

ನಮ್ಮಪ್ಪನಿಗೆ ಇಬ್ಬರು ಅಕ್ಕಂದಿರು. ದೊಡ್ಡತ್ತೆಯನ್ನು ಗದ್ವಾಲಕ್ಕೆ ಕೊಟ್ಟಿದ್ದರು, ಸಣ್ಣತ್ತೆಯನ್ನು ತುಂಗಭದ್ರೆಯ ಆಚೆ ಕರ್ನೂಲಿಗೆ. ನಡುವೆ ಒಂದು ಹೊಳೆ, ಅಷ್ಟೆ. ಆದರೆ ಈಚೆ ನಿಜಾಮರ ರಾಜ್ಯ, ಆಚೆ ಇಂಗ್ಲಿಷರದು. ಇಂಗ್ಲಿಷರು ಗಂಟುಮೂಟೆ ಕಟ್ಟಿದಾಗ ಆಚೆಯವರಿಗೆ ಸ್ವಾತಂತ್ರ್ಯ ಬಂತು, ನಾವು ಈಚೆಯವರು ಬಾಯಿ ಬಿಟ್ಟು ನೋಡುತ್ತ ಉಳಿದೆವು. ಅದನ್ನಾದರೂ ದೊಡ್ಡತ್ತೆ ಸಹಿಸುತ್ತಿದ್ದಳೇನೋ. ಅದೇ ವಾರ ಸಣ್ಣತ್ತೆ ಯಾರದೋ ಕೈಯಲ್ಲಿ ಒಂದು ಡಬ್ಬಿ ಬೂಂದಿ ಲಾಡು ಕಳಿಸಿಬಿಟ್ಟಳು! ಜೊತೆಗೆ ಒಂದು ಮಾತು: "ಅಕ್ಕಾ, ನಮಗ ಸ್ವಾತಂತ್ರ್ಯ ಬಂತು, ಬಾಯಿ ಸಿಹಿ ಮಾಡ್ಕೊ."

ದೊಡ್ಡತ್ತೆ ಕೆಂಡವಾದಳು.

"ದೊಡ್ಡಾಕಿ ನಾ ಇನ್ನಾ ಕುಂತೀನಿ, ಸಣ್ಣಾಕಿಗೆ ಮೊದಲ ಬಂತೇನು? ಅಕ್ಕನ್ನ ಮನಿಯಾಗ ಇಟ್ಕೊಂಡು ತಂಗಿ ಮದುವಿ ಮಾಡಿದಂಗಾತು! ಎಂಜಲ ಸ್ವಾತಂತ್ರ್ಯ ನನಗ ಬ್ಯಾಡಂತ ಹೇಳ್ರಿ ಆಕಿಗೆ."

ಡಬ್ಬಿಯನ್ನು ಮಾತ್ರ ಒಳಗಿಟ್ಟುಕೊಂಡಳು ಎಂದು ಅಪ್ಪ ನಗುತ್ತಿದ್ದ.

ಮುಂದೆ ನಿಜಾಮರ ಕಡೆಯ ರಜಾಕಾರರ ಹಾವಳಿ ಹೆಚ್ಚಿತು. ಓಣಿಯ ಎಷ್ಟೋ ಮನೆಯವರು ಜೀವ ಕೈಯಲ್ಲಿ ಹಿಡಿದು ಹೊಳೆ ದಾಟಿದರು. ಸಣ್ಣತ್ತೆ ಹೇಳಿಕಳಿಸಿದ್ದೇ ಕಳಿಸಿದ್ದು: "ಇಲ್ಲಿ ಬಂದುಬಿಡ್ರಿ." ಮಾವ ಬಟ್ಟೆಬರೆ ಗಂಟು ಕಟ್ಟಿಯೂ ಆಗಿತ್ತು. ದೊಡ್ಡತ್ತೆ ಒಳಗಿನಿಂದ ಅಗಳಿ ಹಾಕಿ ಕೂತಳು.

"ಆಕಿ ಸ್ವಾತಂತ್ರ್ಯದಾಗ ನಾ ಯಾಕ ಬಾಡಿಗಿ ಇರಲಿ?"

ರಜಾಕಾರರಿಗೂ ಹೆದರದ ಆ ಹೊಟ್ಟೆಕಿಚ್ಚನ್ನು ಏನೆನ್ನಬೇಕು ಹೇಳಿ! ಮಾವ ಪಾಪ, ಗಂಟು ಬಿಚ್ಚಿದರು.

ಕೊನೆಗೆ ಮರುವರ್ಷ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ನುಗ್ಗಿ ಪೊಲೀಸ್ ಕಾರ್ಯಾಚರಣೆಯಾಗಿ, ಐದೇ ದಿನದಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಮಾವ ಕುಣಿಯುತ್ತ ಸುದ್ದಿ ತಂದರು. ದೊಡ್ಡತ್ತೆ ಕೇಳಿದ ಮೊದಲ ಪ್ರಶ್ನೆ: "ಮಿಲಿಟ್ರಿ ಯಾ ಕಡಿಂದ ಬಂತ್ರಿ?"

"ಕರ್ನೂಲ ಕಡಿಂದನೂ ಬಂದಾರಂತ."

"ಅಯ್ಯ! ಇದೂ ಆಕಿ ಊರಿಂದನ ಬರಬೇಕೇನು?"

ಆದರೂ ಹೋಳಿಗೆ ಮಾಡಿದಳು. ಬಿಸಿ ಆರುವ ಮೊದಲೇ ಹೊಳೆಯಾಚೆ ಕಳಿಸಿದಳು, ಆ ಹಳೇ ಲಾಡಿನ ಡಬ್ಬಿಯಲ್ಲೇ! "ತಿನ್ನಲಿ. ಆಕಿ ಹೊಟ್ಟಿನೂ ಸ್ವಲ್ಪ ಉರೀಲಿ." ಅಂದಿನಿಂದ ಅದೇ ಪದ್ಧತಿಯಾಯಿತು. ಆಗಸ್ಟಿಗೆ ಆಚೆಯಿಂದ ಲಾಡು, ಸೆಪ್ಟೆಂಬರಿಗೆ ಈಚೆಯಿಂದ ಹೋಳಿಗೆ.

ನಾನು ನಾರಾಯಣಪೇಟೆಯಿಂದ ದೊಡ್ಡತ್ತೆಯ ಮನೆಗೆ ಓದಲು ಬಂದು ಈ ಎರಡು ಸ್ವಾತಂತ್ರ್ಯಗಳ ನಡುವೆ ಸಿಕ್ಕಿಬಿದ್ದೆ. ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಕೊಟ್ಟ ಪೆಪ್ಪರಮೆಂಟನ್ನು ಹೊಸ್ತಿಲಾಚೆಯೇ ತಿಂದು, ಬಾಯಿ ಒರೆಸಿಕೊಂಡು ಒಳಗೆ ಬರಬೇಕು.

"ಅತ್ತಿ, ದೇಶ ಒಂದ ಅಲ್ಲೇನು?" ಎಂದು ಒಮ್ಮೆ ಕೇಳಿದೆ.

"ದೇಶ ಒಂದ ಐತಿ. ತಂಗಿ ಬ್ಯಾರೆ ಅದಾಳ. ಸುಮ್ಮನ ಇರು, ನಮ್ಮದು ಮುಂದಿನ ತಿಂಗಳ ಬರತೈತಿ."

ಸಣ್ಣತ್ತೆಯ ಲಾಡು ಅಟ್ಟ ಸೇರುತ್ತಿತ್ತು. ನಮಗೆ ಒಂದು ಕಾಳೂ ಇಲ್ಲ! ನಾಲ್ಕು ದಿನ ಬಿಟ್ಟು ನೋಡಿದರೆ ಡಬ್ಬಿ ಖಾಲಿ. "ಇರುವಿ ತಿಂದ್ವು" ಎನ್ನುತ್ತಿದ್ದಳು. ಆ ಇರುವೆಗಳ ಮೇಲೆ ನಾನು ಪಟ್ಟ ಹೊಟ್ಟೆಕಿಚ್ಚಿನ ಮುಂದೆ ದೊಡ್ಡತ್ತೆಯದು ಏನೇನೂ ಅಲ್ಲ. ಮನುಷ್ಯಳಾಗಿ ಹುಟ್ಟಿ ಏನು ಬಂತು ಎಂದು ಅತ್ತಿದ್ದೇನೆ.

ಒಂದು ಬೇಸಿಗೆಯಲ್ಲಿ ಸಣ್ಣತ್ತೆ ಜ್ವರ ಬಂದು ತೀರಿಕೊಂಡಳು. ದೊಡ್ಡತ್ತೆ ಹೋಗಿ ಬಂದವಳು ಆಕೆಯ ಹೆಸರೆತ್ತಲಿಲ್ಲ, ಬೈಯಲೂ ಇಲ್ಲ. ಆ ಬೈಗುಳವಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು.

ಆಗಸ್ಟ್ ಹದಿನೈದು ಬಂತು. ಎಂದಿನಂತೆ ಬಾಯಿ ಒರೆಸಿಕೊಂಡು ಒಳಗೆ ಬಂದೆ. ಮನೆ ತುಂಬ ತುಪ್ಪದ ವಾಸನೆ! ದೊಡ್ಡತ್ತೆ ಒಲೆಯ ಮುಂದೆ ಕೂತು ಬೂಂದಿ ಲಾಡು ಕಟ್ಟುತ್ತಿದ್ದಳು. ಒಂದೂ ದುಂಡಗಾಗುತ್ತಿಲ್ಲ, ಕಟ್ಟಿದ್ದೆಲ್ಲ ಉದುರುತ್ತಿತ್ತು.

"ಏನತ್ತಿ ಇದು? ನಮ್ಮ ಹಬ್ಬ ಇನ್ನಾ ಬಂದಿಲ್ಲಲ್ಲ?"

"ಇದು ಆಕಿ ಹಬ್ಬ. ಆಕಿ ಇಲ್ಲಂತ ಬಿಡಾಕ ಆಗತೈತೇನು? ದೊಡ್ಡಾಕಿ ನಾ ಇನ್ನಾ ಅದೀನಲ್ಲ."

ನನಗೊಂದು ಕೊಟ್ಟಳು. ತಾನೊಂದು ಬಾಯಿಗೆ ಹಾಕಿಕೊಂಡಳು, ನಿಧಾನವಾಗಿ ಅಗಿದಳು. ಮುಖ ಸಣ್ಣದಾಯಿತು.

"ಆಕಿ ಕೈಯಾಗಿನ ರುಚಿ ಇದಕ್ಕ ಬರಲಿಲ್ಲ ನೋಡು. ಆಕಿ ಯಾಲಕ್ಕಿ ಜೊತಿಗೆ ಚಿಟಿಕಿ ಪಚ್ಚಕರ್ಪೂರ ಹಾಕತಿದ್ದಳು."

ಇಷ್ಟು ವರ್ಷ ಒಂದೂ ಮುಟ್ಟಿರದವಳು ಇದನ್ನು ಹೇಳಿದಳು! ನಾನು ಇರುವೆಗಳ ಮಾತೆತ್ತಲಿಲ್ಲ. ಪಕ್ಕದಲ್ಲಿ ಕೂತು, ಉದುರಿದ ಕಾಳುಗಳನ್ನು ಆರಿಸಿ ಒಂದೊಂದಾಗಿ ಆಕೆಯ ಅಂಗೈಗೆ ಹಾಕುತ್ತ ಹೋದೆ.