ಪೇಟಿಗೆ ಪ್ಲಾಸ್ಟರ್

"ಲೇ, ಕಾಪಿ ಕೊಡ್ಲೇನೋ?"

"ಕೊಡು ಮಾವ, ಸಕ್ರೆ ಕಮ್ಮಿ ಇರ್ಲಿ."

ಮಾವ ಹಾರ್ಮೋನಿಯಂ ಎಳೆದುಕೊಂಡು ಅರ್ಧ ಗಂಟೆ ಬಾರಿಸಿದ. ಕಾಪಿ ಅನ್ನುವುದು ಒಂದು ರಾಗವಂತೆ! ನನಗೇನು ಗೊತ್ತು? ಲೋಟ ಮಾತ್ರ ಬರಲೇ ಇಲ್ಲ.

ಚಿಕ್ಕಜಾಜೂರಿನಲ್ಲಿ ತಲೆ ಕೆಟ್ಟವರು ಯಾರು ಎಂದು ಕೇಳಿದರೆ ನಾನು ಧೈರ್ಯವಾಗಿ ನಮ್ಮ ಸೋದರಮಾವನನ್ನು ತೋರಿಸುತ್ತೇನೆ. ಹಳ್ಳಿ ನಾಟಕಗಳಿಗೆ ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರನಾಗಿದ್ದವನು. ಹೊಳಲ್ಕೆರೆ, ಹೊಸದುರ್ಗದ ಕಡೆ ನಾಟಕದಲ್ಲಿ ಪ್ರೇಮದ ಹಾಡು ಬಂತೆಂದರೆ ಮಟ್ಟು ಇವನದೇ. ಈಗ ನಾಟಕ ಬಿಟ್ಟಿದ್ದಾನೆ, ಹುಚ್ಚು ಬಿಟ್ಟಿಲ್ಲ. ಒಂದು ಸಲ ಕುಕ್ಕರ್ ಕೂಗಿದಾಗ ಕಣ್ಣು ಮುಚ್ಚಿ, "ಶ್ರುತಿ ಸ್ವಲ್ಪ ಇಳಿದೈತೆ" ಅಂದ. ಇಳಿಸಬೇಕಾಗಿದ್ದದ್ದು ಕುಕ್ಕರ್! ಅನ್ನ ತಳ ಹಿಡಿದಿತ್ತು.

ಅವತ್ತು ಅತ್ತೆ ಸರಿಯಾಗಿ ಕೊಟ್ಟಳು. "ಮೀಸೆ ಬೋಳಿಸ್ಕಂಡು ರಾಣಿ ಪಾರ್ಟು ಮಾಡೋರಿಗೆಲ್ಲ ಹಾಡು ಕಟ್ಟಿದ್ರಿ. ಕಟ್ಕಂಡೋಳಿಗೆ ಒಂದಾದ್ರೂ ಕಟ್ಟಿದ್ರಾ?"

ಮಾವನಿಗೆ ಅದು ನಾಟಿತು. ಆಗಲೇ ಅತ್ತೆಯ ಕಿವಿ ಮಂದವಾಗುತ್ತಿತ್ತು. ಚಿತ್ರದುರ್ಗದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಇನ್ನೂ ಮಂದವಾಗುತ್ತದೆ, ಮಿಷನ್ ಹಾಕಿದರೂ ಅಷ್ಟಕ್ಕಷ್ಟೇ ಅಂದರು. ಅಂದರೆ ಹಾಡು ಬೇಗ ಮುಗಿಯಬೇಕು, ತಾನೇ?

ಇವನು ಮಾಡಿದ್ದೇನು? ದೊಡ್ಡ ಹಾಡೊಂದನ್ನು ಕಟ್ಟಿದ, ಆಮೇಲೆ ಕುಯ್ಯುತ್ತಾ ಕೂತ! ಈ ವಾರ ಇದ್ದ ಸಾಲು ಮುಂದಿನ ವಾರ ಇಲ್ಲ. ಮೇಲೆ ಏರುವುದೆಲ್ಲ ಮಾಯ. ಕೊನೆಗೆ ಬರೀ ಗುಂಯ್ ಗುಂಯ್.

"ಮಾವ, ಇದು ಹಾಡಾ, ಕೋಣ ಗುಟುರು ಹಾಕೋದಾ?"

"ನಿನ್ನ ಕೇಳಿದ್ನೇನಲೇ? ಸುಮ್ಕೆ ಕುಂತ್ಕ."

ಒಂದು ದಿನ ನೋಡುತ್ತೇನೆ, ಪೇಟಿಯ ಬಲಗಡೆ ಬೆರಳಿಟ್ಟು ಒತ್ತುವ ಕರಿ, ಬಿಳಿ ಕಡ್ಡಿಗಳಿಗೆಲ್ಲ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿದ್ದಾನೆ! ನಿಜವಾಗಿ ಹೆದರಿದೆ. ಅತ್ತೆಯ ಬದಲು ಇವನನ್ನು ಡಾಕ್ಟರಿಗೆ ತೋರಿಸಬೇಕಿತ್ತೇನೋ?

"ಇದಕ್ಕೇನು ಏಟು ಬಿದ್ದೈತಾ ಮಾವ?"

ಮಾವ ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದ. "ಇವು ನಿಮ್ಮತ್ತೆಗೆ ಕೇಳ್ಸಲ್ಲ ಕಣಲೇ. ಬೆನ್ನ ಹಿಂದೆ ಕುಂತು ಒಂದೊಂದೇ ಬಾರ್ಸಿ ನೋಡೀನಿ. ತಿರುಗಿದ್ರೆ ಇಟ್ಕಂಡೆ, ತಿರುಗ್ದಿದ್ರೆ ಪ್ಲಾಸ್ಟರ್ ಹಾಕ್ದೆ. ಅವಳಿಗೆ ಕೇಳ್ಸದಿರೋದ್ರಾಗೆ ಅವಳ ಹಾಡು ಹೆಂಗಲೇ ಕಟ್ಲಿ?"

ಕಿತ್ತು ಬರುತ್ತಿದ್ದ ಒಂದು ಪ್ಲಾಸ್ಟರನ್ನು ನಾನೇ ಒತ್ತಿ ಅಂಟಿಸಿದೆ.

ಹೋದ ವಾರ ಪ್ಲಾಸ್ಟರ್ ಇಲ್ಲದ ಐದೇ ಕಡ್ಡಿ ಉಳಿದಿದ್ದವು. ಪ್ಲಾಸ್ಟರ್ ಮೇಲೆ ಟವೆಲ್ ಹೊದಿಸಿ ಮಾವ ಬಾರಿಸಿದ. ಅತ್ತೆ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ಹಾಡು ಮುಗಿಯುವವರೆಗೂ ಅಲ್ಲಾಡಲಿಲ್ಲ.

"ಎಲ್ಲಾ ಕೇಳಿಸ್ತು ಕಣ್ರೀ! ಒಂದೂ ತಪ್ಪಲಿಲ್ಲ. ಕಿವಿ ಹೋಗ್ತೈತೆ ಅಂದ್ನಲ್ಲ ಆ ಡಾಕ್ಟ್ರು, ಅವನಿಗೇನು ಗೊತ್ತು?"

"ಅವನಿಗೇನೂ ಗೊತ್ತಿಲ್ಲ ಬಿಡೇ!" ಎಂದು ಮಾವ ಜೋರಾಗಿ ಕೂಗಿದ. ಕೈ ಮಾತ್ರ ಟವೆಲನ್ನು ಬಿಗಿಯಾಗಿ ಹಿಡಿದಿತ್ತು.